ಗುಂಡಕಲ್ಲು ಒಪ್ಪಿದ ತೊಟ್ಟಿಲು

ನಿದ್ದೆಯಲ್ಲಿ ನಾನು ಉರುಳುತ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ನಮ್ಮ ಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ಚಿಕ್ಕವಳಿದ್ದಾಗ ದೇವರಕೋಣೆಯ ಬಾಗಿಲಲ್ಲಿ ಮಲಗಿದವಳು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಿಗೆ ತಲೆಕೊಟ್ಟು ಸಿಗುತ್ತಿದ್ದೆನಂತೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಕೆಲವು ದಿನ ಸಹಿಸಿಕೊಂಡ. ಆಮೇಲೆ ಮಂಚವನ್ನು ಗೋಡೆಗೆ ಒತ್ತರಿಸಿ, ತಾನು ಗೋಡೆಯ ಕಡೆ ಸೇರಿಕೊಂಡು, "ಬೀಳೂದಿದ್ರ ನೀನ ಬೀಳು, ನನ್ನ ಕೆಡವಬ್ಯಾಡ" ಎಂದ. ಹೇಳಿದ ಹಾಗೆ ನಾನೇ ಬಿದ್ದೆ, ಒಂದಕ್ಕಿಂತ ಹೆಚ್ಚು ಸಲ.

ಆದ್ದರಿಂದ ಹೆರಿಗೆಯಾಗಿ ಮಗಳನ್ನು ನನ್ನ ಮಗ್ಗುಲಿಗೆ ತಂದು ಮಲಗಿಸಿದಾಗ, ಉಳಿದ ತಾಯಂದಿರಿಗೆ ಏನೇನು ಅನ್ನಿಸುತ್ತದೋ ಕಾಣೆ, ನನಗೆ ಮೊದಲು ಆದದ್ದು ಭಯ. ಅಂಗೈಯಗಲದ ಮುಖ, ಹೊಸ ರೊಟ್ಟಿಯಷ್ಟು ಮೆತ್ತಗಿನ ಮೈ. ಇದರ ಪಕ್ಕದಲ್ಲಿ ನಾನು ಕಣ್ಣು ಮುಚ್ಚುವುದು ಹೇಗೆ?

ಮಕ್ಕಳ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಮಗು ಅಂಗಾತ ಮಲಗಬೇಕು. ಹಾಸಿಗೆ ಗಟ್ಟಿಯಾಗಿ ಚಪ್ಪಟೆಯಾಗಿರಬೇಕು. ಸುತ್ತ ದಿಂಬು, ರಗ್ಗು, ಗೊಂಬೆ ಯಾವುದೂ ಬೇಡ. ನಿಮ್ಮ ಕೋಣೆಯಲ್ಲೇ ಇರಲಿ, ನಿಮ್ಮ ಹಾಸಿಗೆಯಲ್ಲಿ ಮಾತ್ರ ಬೇಡ. ನಾನು ಇದನ್ನೆಲ್ಲ ದೇವರ ಹಾಡಿನ ಹಾಗೆ ಬಾಯಿಪಾಠ ಮಾಡಿದ್ದೆ. ತೊಂದರೆ ಇದ್ದದ್ದು ಮನೆಯಲ್ಲಿ.

ಆಗ ಇನ್ನೂ ಒಂದೇ ಆಂಧ್ರ, ಹೈದರಾಬಾದ್ ಅದರ ರಾಜಧಾನಿ. ಗಂಡನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ, ನನಗೆ ಕೊಂಡಾಪುರದ ಒಂದು ಆಫೀಸಿನಲ್ಲಿ. ಮೆಹದಿಪಟ್ಟಣಂನ ಕಾಲನಿಯೊಂದರಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ನನ್ನ ತಾಯಿ ಹೋಗಿ ವರ್ಷಗಳಾಗಿದ್ದವು. ಬಾಣಂತನಕ್ಕೆ ಬಿಜಾಪುರದಿಂದ ಅತ್ತೆಯೇ ಬಂದರು. ಬರುವಾಗ ಅವರು ಮೂರು ಸಾಮಾನು ತಂದಿದ್ದರು. ಒಂದು, ನನ್ನ ಗಂಡ ಮತ್ತು ಅವನ ಅಣ್ಣಂದಿರೆಲ್ಲ ಮಲಗಿದ್ದ ಬಣ್ಣದ ಮರದ ತೊಟ್ಟಿಲು, ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿದ್ದು. ಎರಡು, ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಇಟ್ಟು ತಾವೇ ಹೊಲಿದ ಕೌದಿಗಳು. ಮೂರು, ಗುಂಡಕಲ್ಲು.

ಗುಂಡಕಲ್ಲು ಅಂದರೆ ಚಟ್ನಿ ಅರೆಯುವ ಉದ್ದ ಕಲ್ಲೇ. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ಅದಕ್ಕೆ ದೊಡ್ಡ ಮರ್ಯಾದೆ. ಎಣ್ಣೆ ಹಚ್ಚಿ ಎರೆದು, ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಕೂಸಿಗಿಂತ ಮೊದಲು ಅದನ್ನು ತೊಟ್ಟಿಲಿಗೆ ಹಾಕುತ್ತಾರೆ. ತೊಟ್ಟಿಲಿನ ಆಚೆ ಈಚೆ ನಿಂತ ಹೆಂಗಸರು ಮೊದಲು ಕಲ್ಲನ್ನು, ಆಮೇಲೆ ಕೂಸನ್ನು, ತೊಟ್ಟಿಲ ಕೆಳಗಿಂದ ದಾಟಿಸಿ ಮೇಲಿಂದ ವಾಪಸು ಪಡೆಯುತ್ತಾರೆ. ಅಂಥ ಕಲ್ಲಿಲ್ಲದೆ ನಮ್ಮಲ್ಲಿ ಯಾರೂ ತೊಟ್ಟಿಲು ಹತ್ತಿದವರಿಲ್ಲ, ನಾನೂ ಸೇರಿ.

ತೊಟ್ಟಿಲು ತೂಗುಹಾಕಲು ಕೊಂಡಿ ಬೇಕು. ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಕೊಂಡಿ, ಅದೂ ಪಡಸಾಲೆಯಲ್ಲಿ. ಮಲಗುವ ಕೋಣೆಯ ಸೂರಿಗೆ ತೂತು ಹಾಕಿದರೆ ಮನೆ ಖಾಲಿ ಮಾಡಬೇಕೆಂದು ಮಾಲೀಕರು ಮೊದಲ ದಿನವೇ ಹೇಳಿದ್ದರು. ಅತ್ತೆಗೆ ಇದರಿಂದ ಏನೂ ಬೇಜಾರಾಗಲಿಲ್ಲ.

"ಛಲೋ ಆತು ತಗೋ," ಎಂದರು. "ಕೂಸು ಪಡಸಾಲ್ಯಾಗ ನನ್ನ ಹಂತ್ಯಾಕ ಮಲಗ್ತೈತಿ. ನೀ ಒಳಗ ಆರಾಮ ನಿದ್ದಿ ಮಾಡು. ಹಸಿವಾದ್ರ ತಂದು ಕೊಡ್ತೀನಿ."

ಪ್ರೀತಿಯ ಮಾತೇ. ಆದರೆ ನನ್ನ ಮಗಳು ಗೋಡೆಯ ಆಚೆ, ನಾನು ಈಚೆ! ಹೊಟ್ಟೆ ಕೊಯ್ದು ತೆಗೆದದ್ದರಿಂದ ಎದ್ದು ಓಡುವ ಹಾಗೂ ಇರಲಿಲ್ಲ. ಅವಳು ಕೆಮ್ಮಿದರೆ ನನಗೆ ಕೇಳಬೇಕು, ಕೈ ಚಾಚಿದರೆ ಸಿಗಬೇಕು. ನಾನು ಬಯಸಿದ್ದು ಇಷ್ಟೇ.

ಹೊಲಿಗೆ ಮಾಯುವವರೆಗೆ ಹೆಸರಿಡುವುದನ್ನು ಅತ್ತೆಯೇ ಮುಂದಕ್ಕೆ ಹಾಕಿದ್ದರಿಂದ ನನಗೆ ಒಂದಿಷ್ಟು ಕಾಲ ಸಿಕ್ಕಿತು. ಅಲ್ಲಿಯವರೆಗೆ ಒಂದು ತಾತ್ಕಾಲಿಕ ಏರ್ಪಾಡು. ಗಂಡನನ್ನು ಪಡಸಾಲೆಗೆ ಅಟ್ಟಿ, ಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿಕೊಂಡೆವು. ಈ ತುದಿಗೆ ನಾನು, ಆ ತುದಿಗೆ ಬೇರೆ ಹಾಸಿಗೆಯಲ್ಲಿ ಕೂಸು, ನಡುವೆ ಅತ್ತೆ. ಅಂದರೆ ಅತ್ತೆಯೇ ಗೋಡೆ. ನಾನು ಉರುಳಿಕೊಂಡು ಹೋಗಿ ಅವರಿಗೆ ತಾಗುತ್ತಿದ್ದೆ, ಅವರು ಮೊಣಕೈಯಿಂದ ತಿವಿಯುತ್ತಿದ್ದರು, ನಾನು ವಾಪಸು ಬರುತ್ತಿದ್ದೆ. ನೆಲದಿಂದ ಏಳುವಾಗೆಲ್ಲ ಅವರ ಮೊಣಕಾಲು ಲಟಲಟ ಅನ್ನುತ್ತಿತ್ತು. ಪಾಪ, ಒಂದು ಸಲವೂ ಗೊಣಗಲಿಲ್ಲ. ಆದರೆ ಅವರು ಊರಿಗೆ ಹೋದ ಮೇಲೆ ಆ ಗೋಡೆಯನ್ನು ಎಲ್ಲಿಂದ ತರಲಿ?

ನನ್ನ ಮನಸ್ಸಿನಲ್ಲಿ ಒಂದು ತೊಟ್ಟಿಲು ಮೊದಲೇ ಕೂತುಬಿಟ್ಟಿತ್ತು. ಬಸುರಿಯಿದ್ದಾಗ ಕೊಂಡಾಪುರದಲ್ಲಿ, ಆಫೀಸಿನ ದಾರಿಯ ಒಂದು ಅಂಗಡಿಯಲ್ಲಿ ನೋಡಿದ್ದೆ. ನಾಲ್ಕು ಕಾಲು, ಸುತ್ತ ಜಾಳಿಗೆ. ಮಂಚದ ಕಡೆಯ ಗೋಡೆಯ ಜಿಪ್ಪು ಎಳೆದರೆ ಅದು ಕೆಳಗಿಳಿದು, ಗೇಣೆತ್ತರದ ಅಂಚು ಮಾತ್ರ ಉಳಿಯುತ್ತದೆ. ಮಂಚಕ್ಕೆ ಆನಿಸಿ ಕಟ್ಟಿದರೆ ಕೂಸಿನದು ಅದರದ್ದೇ ಹಾಸಿಗೆ, ನನ್ನದು ನನ್ನದು, ನಡುವೆ ಆ ಅಂಚು. ಗೋಡೆ ಏರಿಸಿ ಜಿಪ್ಪು ಹಾಕಿದರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಮಡಚಿದರೆ ಒಂದು ಚೀಲ. ಆ ಬೇಸಿಗೆಗಳಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ, ನಮ್ಮ ಇನ್ವರ್ಟರಿನ ಫ್ಯಾನು ತಿರುಗುತ್ತಿದ್ದದ್ದು ಪಡಸಾಲೆಯಲ್ಲಿ ಮಾತ್ರ. ಗಾಳಿ ಎಲ್ಲಿದೆಯೋ ಅಲ್ಲಿಗೆ ಹೊತ್ತೊಯ್ಯಬಹುದಾದ ತೊಟ್ಟಿಲು ಅಂದರೆ ಸಣ್ಣ ಮಾತಲ್ಲ. ಆದರೆ ಹುಟ್ಟುವ ಮೊದಲು ಕೂಸಿಗೆ ಏನನ್ನೂ ಕೊಳ್ಳಬಾರದೆಂಬುದು ನಮ್ಮ ಪದ್ಧತಿ. ನಾನು ಅದಕ್ಕೆ ನಕ್ಕಿದ್ದೆ, ಹಾಗಂತ ಮುರಿಯುವ ಧೈರ್ಯ ಬರಲಿಲ್ಲ. ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿ ಬಂದಿದ್ದೆ.

ಒಂದು ಮಧ್ಯಾಹ್ನ ಅತ್ತೆ ತೊಟ್ಟಿಲಿನ ಸರಪಳಿಗೆ ಎಣ್ಣೆ ಹಾಕುತ್ತ ಕೂತಿದ್ದಾಗ ವಿಷಯ ತೆಗೆದೆ. ಅವರು ಪೂರ್ತಿ ಕೇಳಿದರು.

"ಅಂದ್ರ ಒಂದು ಗ್ವಾಡಿನ ಇರೂದಿಲ್ಲ ಅದಕ್ಕ?"

"ಅರ್ಧ ಗ್ವಾಡಿ ಇರ್ತೈತ್ರಿ ಅತ್ತಿ. ಮಂಚಕ್ಕ ಕಟ್ಟಿರ್ತೀವಿ."

"ಬಾಗಲಿಲ್ಲದ ಮನ್ಯಾಗ ಕೂಸಿನ್ನ ಇಡ್ತಿ ಅಂದಂಗಾತು. ಕೂಸು ನಿನ್ನ ಕಡೆ ಉರುಳ್ತೈತಿ, ಇಲ್ಲಾ ನೀ ಕೂಸಿನ ಕಡೆ ಉರುಳ್ತಿ. ನಿನ್ನ ಉರುಳಾಟ ನನಗ ಗೊತ್ತಿಲ್ಲೇನು? ನನ್ನ ಪಕ್ಕೆಲುಬು ಕೇಳು!"

"ನಿಮ್ಮ ತೊಟ್ಟಿಲಾ ತೂಗಾಡಿ ಕೂಸು ಒಂದ ಮೂಲಿಗೆ ಸರೀತೈತಲ್ರಿ?"

ಅವರು ಎಣ್ಣೆಯ ಬಟ್ಟಲನ್ನು ಟಣ್ ಎಂದು ಕೆಳಗಿಟ್ಟರು. ನಾನೂ ಕೆಂಡವಾಗಿದ್ದೆ. ಆಮೇಲೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಗುಂಡಕಲ್ಲನ್ನು ತಂದು ನನ್ನ ಮುಂದಿಟ್ಟರು. ಅದರ ತೂಕ ಹೆಚ್ಚೂಕಡಿಮೆ ನಮ್ಮ ಕೂಸಿನಷ್ಟೇ ಇತ್ತು.

"ಹೆಂಗೂ ಮೊದಲ ಮಲಗಾಂವಾ ಇವನ. ಇವನ್ನ ಕರಕೊಂಡು ನಿನ್ನ ಅಂಗಡಿಗೆ ಹೋಗೂಣು. ಇಂವಾ ಎಲ್ಲೆ ನೆಟ್ಟಗ ಮಲಗ್ತಾನ ಅಲ್ಲೆ ಕೂಸು ಮಲಗಲಿ. ಮತ್ತ, ಕೆಳಗಿಂದ ಹಾಯಬೇಕು. ಹಾಯಲಿಲ್ಲ ಅಂದ್ರ ಅದು ತೊಟ್ಟಿಲಲ್ಲ, ಪೆಟಗಿ."

ನಾನು ಆ ಕ್ಷಣವೇ ಒಪ್ಪಿಕೊಂಡೆ. ಅವರು ಮನಸ್ಸು ಬದಲಿಸುವುದರೊಳಗೆ ಒಪ್ಪಿಕೊಳ್ಳುವುದೇ ಜಾಣತನ.

ಪ್ರತ್ಯೇಕ ರಾಜ್ಯದ ಚಳವಳಿಯ ಬಂದ್ ಇಲ್ಲದ ಒಂದು ದಿನ ನೋಡಿ, ಗಂಡ ರಜೆ ಹಾಕಿದ. ಕೂಸಿಗೆ ಹೊಟ್ಟೆ ತುಂಬ ಹಾಲೂಡಿಸಿ ಅವನ ತೊಡೆಯ ಮೇಲಿಟ್ಟೆ. ಅವನು ಅಲುಗಾಡದೆ ಕೂತ. ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು, ಪಕ್ಕಾ ಬಾಣಂತಿಯ ವೇಷದಲ್ಲಿ ಆಟೋ ಹತ್ತಿದೆ. ಪಕ್ಕದಲ್ಲಿ ಅತ್ತೆ, ಅವರ ಮಡಿಲಲ್ಲಿ ಕುಂಚಿಗೆ ತೊಟ್ಟ ಗುಂಡಕಲ್ಲು. ಬರಿಗಲ್ಲನ್ನು ಬೀದಿಯಲ್ಲಿ ಒಯ್ಯುವುದು ಅವರಿಗೆ ಸರಿಬರಲಿಲ್ಲ.

ಆಟೋದವನು ಕನ್ನಡಿಯಲ್ಲಿ ನೋಡಿದ. ನೋಡಿ ವೇಗ ಕಡಿಮೆ ಮಾಡಿದ. ಟೋಲಿಚೌಕಿ ದಾಟುವವರೆಗೂ ಒಂದೊಂದು ಗುಂಡಿಯನ್ನೂ ಮದುಮಗಳ ಡೋಲಿ ಇಳಿಸಿದಂತೆ ಇಳಿಸಿದ. ಕೊನೆಗೆ ತಡೆಯಲಾರದೆ ಕೇಳಿದ, "ಕಿತ್ತೇ ದಿನ್ ಕಾ ಬಚ್ಚಾ ಹೈ, ಅಮ್ಮಾ?"

ಎಷ್ಟು ದಿನದ ಕೂಸು ಎಂದು ಕೇಳಿದರೆ ಅತ್ತೆ ಸುಳ್ಳು ಹೇಳುವವರಲ್ಲ. "ಭೋತ್ ಪುರಾನಾ ಹೈ, ಬೇಟಾ," ಎಂದರು. ಬಹಳ ಹಳೆಯದು. ನಾನು ಸ್ಕಾರ್ಫಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ನಕ್ಕರೆ ಹೊಲಿಗೆ ಜಗ್ಗುತ್ತಿತ್ತು.

ಮಕ್ಕಳ ಸಾಮಾನಿನ ಜೊತೆಗೆ ಮಂಚ, ಹಾಸಿಗೆಗಳನ್ನೂ ಮಾರುವ ದೊಡ್ಡ ಅಂಗಡಿ ಅದು. ಅಂಗಡಿಯವರು ನಮ್ಮನ್ನು ಸ್ಪ್ರಿಂಗ್ ಉಯ್ಯಾಲೆಯ ಹತ್ತಿರ ಕರೆದೊಯ್ದರು. ಕಬ್ಬಿಣದ ಸ್ಟ್ಯಾಂಡಿಗೆ ಬಟ್ಟೆಯ ಜೋಲಿ ತೂಗುಬಿಟ್ಟದ್ದು. ಊರಲ್ಲಿ ಮನೆಮನೆಯಲ್ಲೂ ಅದೇ. "ಸಬ್ ಲೋಗಾಂ ಯಹೀಚ್ ಲೇತೇ, ಅಮ್ಮಾ," ಎಂದರು. ಎಲ್ಲರೂ ಇದನ್ನೇ ಒಯ್ಯುತ್ತಾರೆ.

ಅತ್ತೆ ಕುಂಚಿಗೆಯನ್ನು ಸರಿಮಾಡಿ ಜೋಲಿಯಲ್ಲಿ ಮಲಗಿಸಿದರು. ಅಂಗಡಿಯವರು ಕೂಸಿನ ಮುಖ ನೋಡಲು ಪ್ರೀತಿಯಿಂದ ಬಗ್ಗಿದರು. ಬಗ್ಗಿದವರು ಹಾಗೇ ಎರಡು ಹೆಜ್ಜೆ ಹಿಂದೆ ಸರಿದರು. "ಅರೇ, ಪತ್ಥರ್!"

"ಹೌದು, ಪತ್ಥರ್," ಎಂದರು ಅತ್ತೆ, ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆಂಬಂತೆ. ಅವರ ಕಣ್ಣು ಜೋಲಿಯ ಮೇಲೆಯೇ ಇತ್ತು. ಕಲ್ಲಿನ ಭಾರಕ್ಕೆ ಬಟ್ಟೆ ಕೆಳಗೆ ಜಗ್ಗಿ, ಎರಡೂ ಅಂಚುಗಳು ಮೇಲೆ ಬಂದು ಕೂಡಿಕೊಂಡಿದ್ದವು. ಕುಂಚಿಗೆಯ ಬಾಯಿ ಕಾಣುತ್ತಲೇ ಇರಲಿಲ್ಲ. ಅತ್ತೆ ಬಟ್ಟೆಯನ್ನು ಬಿಡಿಸಿ ನೋಡಿದರು. ಕೈಬಿಟ್ಟಕೂಡಲೇ ಮತ್ತೆ ಮುಚ್ಚಿಕೊಂಡಿತು.

"ಮಾರಿ ಮುಚ್ಚತೈತಲ್ಲಾ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬಾಯಿ ಬಿಡದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೇ ಗೊತ್ತು.

ಆಮೇಲೆ ಲೇಸು, ಜಾಲರಿ, ಸುತ್ತ ಮೆತ್ತನೆಯ ದಿಂಬುಗಳಿದ್ದ ಗುಲಾಬಿ ತೊಟ್ಟಿಲು. ಕಾಲುಗಳು ಬಾಗಿದ್ದವು, ತಾನೇ ತೂಗುತ್ತದಂತೆ. ಕಲ್ಲನ್ನು ಇಟ್ಟೊಡನೆ ತೊಟ್ಟಿಲು ಒಂದು ಕಡೆ ವಾಲಿತು. ಕಲ್ಲು ಉರುಳಿ ಹೋಗಿ ಅಂಚಿನ ದಿಂಬಿನೊಳಗೆ ಮುಖ ಹುದುಗಿಸಿ ನಿಂತಿತು. ಅತ್ತೆ ಅದನ್ನು ಸರಕ್ಕನೆ ಎತ್ತಿ ಎದೆಗೊತ್ತಿಕೊಂಡ ರೀತಿ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅವರು ಎತ್ತಿದ್ದು ಕಲ್ಲನ್ನಲ್ಲ.

ಕೊನೆಗೆ ನನ್ನ ತೊಟ್ಟಿಲು. ಅಂಗಡಿಯವರು ಅದನ್ನು ಮಾರಾಟದ ಮಂಚವೊಂದರ ಪಕ್ಕಕ್ಕೆ ತಳ್ಳಿ, ಕಾಲುಗಳನ್ನು ಮಂಚದ ಎತ್ತರಕ್ಕೆ ಇಳಿಸಿ, ಗೋಡೆಯ ಜಿಪ್ಪು ಎಳೆದರು. ಅತ್ತೆ ಕಲ್ಲನ್ನು ಮಲಗಿಸಿದರು. ಮಲಗಿತು. ಅಂಗೈಯಿಂದ ನೂಕಿದರು, ಗಟ್ಟಿ ಹಾಸಿಗೆಯ ಮೇಲೆ ಅರ್ಧ ಸುತ್ತು ಉರುಳಿ, ಅಂಚಿಗೆ ತಾಗಿ ನಿಂತಿತು. ಮೂಗಿಗೆ ಅಡ್ಡ ಏನೂ ಇಲ್ಲ, ಆಚೆಯೆಲ್ಲ ಜಾಳಿಗೆ. ಅತ್ತೆ ನನ್ನ ಕಡೆ ತಿರುಗಿದರು.

"ಕೂಸಿಂದ ಆತು. ಇನ್ನ ನಿಂದು?"

ನಾನು ಚಪ್ಪಲಿ ಬಿಟ್ಟು ಮಂಚ ಹತ್ತಿ ಮಲಗಿದೆ. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನೋಡಲಿ! ಉರುಳುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಹೊಲಿಗೆಯನ್ನು ನೆನಪಿಟ್ಟುಕೊಂಡು ಮೆಲ್ಲಗೆ, ಆದರೆ ಪೂರಾ ಭಾರ ಬಿಟ್ಟು ಉರುಳಿದೆ. ಭುಜ ತೊಟ್ಟಿಲಿಗೆ ತಾಗಿದ್ದೇ ತಡ, ಅದು ಸರ್ರನೆ ಆಚೆ ಜಾರಿತು. ಮಂಚಕ್ಕೂ ಅದಕ್ಕೂ ನಡುವೆ ಸಂದು ಬಿಟ್ಟಿತು. ಅತ್ತೆ ಆ ಸಂದಿಯಲ್ಲಿ ಕೈ ಇಳಿಸಿದರು. ಹಸಿರು ಬಳೆಗಳ ಸಮೇತ ಮೊಣಕೈವರೆಗೆ ಇಳಿಯಿತು.

ಇಷ್ಟು ತಿಂಗಳ ಆಸೆ ಆ ಸಂದಿಯೊಳಗೆ ಬಿದ್ದುಹೋದಂತೆ ಕಂಡಿತು. ಅಂಗಡಿಯವರು "ಕುಛ್ ನೈ ಹೋತಾ, ಮೇಡಂ" ಎಂದು ಕೈಯಾಡಿಸಿದರು. ಏನೂ ಆಗುವುದಿಲ್ಲವಂತೆ! ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗಲೇ ನನ್ನ ತಲೆ ಚೆನ್ನಾಗಿ ಓಡುವುದು. ಗಾಜಿನಾಚೆಯಿಂದ ನೋಡಿದ ದಿನ ಡಬ್ಬದ ಮೇಲಿನ ಚಿತ್ರದಲ್ಲಿ ಪಟ್ಟಿಗಳಿದ್ದದ್ದು ನೆನಪಾಯಿತು. "ಬೆಲ್ಟು ಎಲ್ಲಿ? ಇದಕ್ಕೆ ಬೆಲ್ಟು ಇರಲೇಬೇಕು. ಡಬ್ಬ ತನ್ನಿ," ಎಂದು ಹಿಂದಿಯಲ್ಲಿ ಜೋರು ಮಾಡಿದೆ. ಡಬ್ಬ ತಂದರು. ತಳದಲ್ಲಿ, ಯಾರೂ ಒಡೆಯದ ಪ್ಲಾಸ್ಟಿಕ್ ಕವರಿನೊಳಗೆ ಎರಡು ಉದ್ದದ ಪಟ್ಟಿ ಮಲಗಿದ್ದವು.

ಹಾಸಿಗೆಯ ಕೆಳಗಿಂದ ತೂರಿಸಿ, ಮಂಚದ ಆಚೆಯ ಚೌಕಟ್ಟಿಗೆ ಸುತ್ತಿ, ಬಕಲಿಗೆ ಹಾಕಿ ಜಗ್ಗಿದೆವು. ಅತ್ತೆ ಕಾಲು ಕೊಟ್ಟು ಜಗ್ಗಿದರು. ಮತ್ತೆ ಮಲಗಿದೆ, ಮತ್ತೆ ಉರುಳಿದೆ. ತೊಟ್ಟಿಲು ಅಲುಗಲಿಲ್ಲ. ನನ್ನ ಭುಜ ಅಂಚಿಗೆ ತಾಗಿ ನಿಂತಿತು, ಕಲ್ಲು ತನ್ನ ಜಾಗದಲ್ಲೇ ಇತ್ತು. ಅತ್ತೆ ಸಂದಿಯಲ್ಲಿ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಕಿರುಬೆರಳಿಗೆ ಪ್ರಯತ್ನಿಸಿದರು. ಅದೂ ಹೋಗಲಿಲ್ಲ.

"ಹಾಯ್ತೈತೇನ ನೋಡೂಣು," ಎಂದು ಕಲ್ಲನ್ನೆತ್ತಿಕೊಂಡು ಆಚೆ ತುದಿಗೆ ಹೋದರು. ಕಾಲುಗಳ ನಡುವೆ, ಸಾಮಾನಿಡಲು ಬಟ್ಟೆಯ ಅಟ್ಟವೊಂದು ಅಡ್ಡ ಇತ್ತು, ಅದನ್ನು ಬಿಚ್ಚಿದೆ. ಅತ್ತೆ ಲಟಲಟ ಮೊಣಕಾಲೂರಿ ಕೆಳಗಿಂದ ಕಲ್ಲನ್ನು ಚಾಚಿದರು. ಈಚೆ ತುದಿಯಲ್ಲಿ ಕೂತು ನಾನು ಹಿಡಿದುಕೊಂಡೆ. ಎದ್ದು ಮೇಲಿಂದ ಕೊಟ್ಟೆ.

"ಹಾಯ್ತು," ಎಂದರು ಅತ್ತೆ. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ. ಅಂಗಡಿಯವರೂ ತಟ್ಟಿದರು, ಏತಕ್ಕೆಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ತೊಟ್ಟಿಲು ಕೊಂಡು ಮನೆಗೆ ಬಂದಾಗ ಗಂಡ ನಾವು ಬಿಟ್ಟುಹೋದ ಭಂಗಿಯಲ್ಲೇ ಕೂತಿದ್ದ. ಕೂಸು ಅಂಗಿ ತೋಯಿಸಿ ಸುಖವಾಗಿ ಮಲಗಿತ್ತು. ಕಾಲು ಜೋಮು ಹಿಡಿದಿದ್ದರೂ ಅವನು ಎದ್ದಿರಲಿಲ್ಲ.

ಗೆದ್ದೆ ಎಂದುಕೊಂಡಿದ್ದೆ. ಮಾರನೆಯ ದಿನ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಮಂಚಕ್ಕೆ ಕಟ್ಟಿಟ್ಟಿದ್ದ ತೊಟ್ಟಿಲು ಗುರುತೇ ಸಿಗದಂತಾಗಿದೆ. ಅತ್ತೆ ಅದರೊಳಗೆ ಕೌದಿಯ ಮೇಲೆ ಕೌದಿ ಹಾಸಿದ್ದಾರೆ. ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು ಇಟ್ಟಿದ್ದಾರೆ. ಮೇಲೆ ಬಟ್ಟೆಯ ಗಿಣಿಗಳ ಸರ. ಕೌದಿಯ ಒಂದೊಂದು ಹೊಲಿಗೆಯೂ ಅವರ ಕೈಯದು; ನಾನು ಬಸುರಿ ಎಂದು ತಿಳಿದ ದಿನ ಸೂಜಿ ಹಿಡಿದಿದ್ದರಂತೆ. ಅವರ ಮುಖ ನೋಡಿದರೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ.

ಅಡುಗೆಮನೆಗೆ ಹೋಗಿ ಗುಂಡಕಲ್ಲನ್ನು ತಂದೆ. "ಇವನ್ನ ಒಂದ ಮಾತ ಕೇಳೂಣ್ರಿ ಅತ್ತಿ."

ಕೌದಿಗಳು ಎತ್ತರಕ್ಕೆ ಬಂದು ಅಂಚಿಗೆ ಸಮನಾಗಿದ್ದವು. ಕಲ್ಲನ್ನು ಮಲಗಿಸಿ, ಅವರು ಅಂಗಡಿಯಲ್ಲಿ ನೂಕಿದಷ್ಟೇ ನೂಕಿದೆ. ಕಲ್ಲು ಅಂಚನ್ನು ಸಲೀಸಾಗಿ ದಾಟಿ ನನ್ನ ಹಾಸಿಗೆಗೆ ಬಂದು, ನಾನು ಮಲಗಬೇಕಾದ ಜಾಗದಲ್ಲೇ ಧೊಪ್ಪೆಂದು ಬಿತ್ತು.

ಅತ್ತೆ ಕಲ್ಲನ್ನೆತ್ತಿ ಪಕ್ಕಕ್ಕಿಟ್ಟರು. ಆಮೇಲೆ ಒಂದೊಂದಾಗಿ ತೆಗೆದರು, ದಿಂಬು, ಗಿಣಿಗಳ ಸರ, ಕೌದಿಗಳು. ಬರಿಯ ಚಪ್ಪಟೆ ಹಾಸಿಗೆ ಉಳಿಯಿತು. ಅಳು ಬಂದದ್ದು ನನಗೆ, ಅತ್ತೆಗಲ್ಲ. "ಎಲ್ಲಾರೂ ಮಡಿಲಾಗ ಆಡಸೂ ಮುಂದ ಕೌದಿ ಬೇಕ್ರಿ," ಎಂದೆ. "ಹೆಸರಿಡೂ ದಿನಾ ತೊಟ್ಟಿಲ ಕೆಳಗೂ ಹಾಸೂಣು. ಕೂಸು ಹಾಯೂ ಮುಂದ ಬರಿ ನೆಲ ಇರಬಾರದು."

"ಹುಚ್ಚಿ, ಅದಕ್ಕ ಅಳ್ತಾರೇನು," ಎಂದು ಸೆರಗಿನಿಂದ ನನ್ನ ಮೂಗು ಒರೆಸಿದರು. "ಕೂಸಿಗೆ ಹೊಚ್ಚಲಿಕ್ಕಂತ ಹೊಲಿದದ್ದು, ಮಾರಿ ಮುಚ್ಚಲಿಕ್ಕಲ್ಲ."

ಹೆಸರಿಡುವ ದಿನ ಕಾಲನಿಯ ಕನ್ನಡದವರೆಲ್ಲ ಬಂದರು, ಕೆಳಗಿನ ಮನೆಯ ತೆಲುಗಿನವರೂ ಬಂದರು. ತೊಟ್ಟಿಲನ್ನು ಪಡಸಾಲೆಗೆ ತಂದು, ನಾಲ್ಕನೆಯ ಗೋಡೆ ಏರಿಸಿ, ಕೆಳಗೆ ಕೌದಿ ಹಾಸಿದೆವು. ಹಳೆಯ ತೊಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಮೂಲೆಯಲ್ಲಿ ಕೂರಿಸಿದೆವು. ಗಿಣಿಗಳು ಕೊಂಡಿಯಿಂದ ತೂಗುತ್ತಿದ್ದವು. ಮೊದಲು ಕಲ್ಲು ಹಾಯಿತು, ಆಮೇಲೆ ಮಗಳು. "ಗೋಪಾಳನ್ನ ಕೊಡ್ರಿ," "ಗೋವಿಂದನ್ನ ತಗೋರಿ," ಎಂಬ ರೂಢಿಯ ಕೂಗಿನ ನಡುವೆ ಅವಳು ಕೆಳಗಿಂದ ಹೋಗಿ ಮೇಲಿಂದ ಬಂದಳು. ಯಾರೋ ಒಬ್ಬರು ಇದೆಂಥ ತೊಟ್ಟಿಲು ಎಂದು ಮೂಗು ಮುರಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. "ನಾನ ಖುದ್ದ ಹೋಗಿ ಆರಿಸಿ ತಂದೀನ್ರಿ. ನೋಡ್ರಿ, ಬೆರಳ ಹಾಕಿ ನೋಡ್ರಿ!" ನನ್ನ ತೊಟ್ಟಿಲು ನನ್ನ ಕಣ್ಣೆದುರಿಗೇ ಅವರದಾಯಿತು. ನಾನು ಆ ದಿನದಷ್ಟು ಸಂತೋಷದಿಂದ ಯಾವುದನ್ನೂ ಬಿಟ್ಟುಕೊಟ್ಟಿಲ್ಲ.

ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಹೋದ ಮೇಲೆ ತೊಟ್ಟಿಲು ಕೋಣೆಗೆ ಬಂತು. ಪಟ್ಟಿ ಬಿಗಿದೆವು, ಗೋಡೆ ಇಳಿಸಿದೆವು, ಅವಳನ್ನು ಅಂಗಾತ ಮಲಗಿಸಿದೆವು. ಅತ್ತೆ ಎಂದಿನಂತೆ ನೆಲದ ಮೇಲೆ ತಮ್ಮ ಹಾಸಿಗೆ ಬಿಡಿಸತೊಡಗಿದರು. ಆಮೇಲಿನದು ನನಗೆ ನೆನಪಿಲ್ಲ. ಹೆತ್ತ ದಿನದಿಂದ ಬಾಕಿಯಿದ್ದ ನಿದ್ದೆಯೆಲ್ಲ ಒಟ್ಟಿಗೆ ಬಂದು ಎಳೆದೊಯ್ದಿತು.

ಎಚ್ಚರಾದಾಗ ಇನ್ನೂ ಬಿಸಿಲಿತ್ತು. ನನ್ನ ಮೂಗು ತೊಟ್ಟಿಲಿನ ಅಂಚಿಗೆ ಒತ್ತಿತ್ತು. ದಿಂಬು ಎಲ್ಲೋ, ಚಾದರ ಎಲ್ಲೋ. ಮಂಚದ ಆ ತುದಿಯಿಂದ ಈ ತುದಿಗೆ ಬಂದಿದ್ದೆ. ಅಂಚಿನ ಆಚೆ ಮಗಳು ಇಟ್ಟ ಜಾಗದಲ್ಲೇ ಅಂಗಾತ ಮಲಗಿ, ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಕೈ ಚಾಚಿದೆ. ನನ್ನ ಬೆರಳು ಹಿಡಿದುಕೊಂಡಳು.

ನೆಲದಿಂದ ಅತ್ತೆಯ ದನಿ ಬಂತು. "ಉರುಳಿದಿ?"

"ಉರುಳಿದ್ನ್ರಿ."

"ಕೂಸು?"

"ಇಲ್ಲೇ ಐತ್ರಿ."

ಅತ್ತೆ ಎದ್ದರು. ಬಗ್ಗಿ ನೋಡಿದರು, ಒಮ್ಮೆ ಸಂದಿಯನ್ನು ಬೆರಳಿಂದ ಮುಟ್ಟಿದರು. ಆಮೇಲೆ ತಮ್ಮ ಹಾಸಿಗೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಪಡಸಾಲೆಗೆ ಹೋದರು. ಫ್ಯಾನಿನ ಸ್ವಿಚ್ಚು ಒತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, ಗಿಣಿಗಳ ಕೆಳಗಿಂದ, ಆ ಮನೆಗೆ ಬಂದ ಮೇಲೆ ಮೊದಲ ಸಲ, ಅವರ ಗೊರಕೆ ಶುರುವಾಯಿತು.